ನನ್ನನ್ನು ನೋಡಿ ಕಲಿತ ಗೊರಕೆ

ಪಾಸ್ಟರ್ ಅವರ ಪ್ರಸಂಗ ಅರ್ಧಕ್ಕೆ ಬಂದಿತ್ತು. ಪಕ್ಕದಿಂದ ಎದ್ದ ಗೊರಕೆಗೆ ನನಗೂ ಎಚ್ಚರವಾಯಿತು. ತಿಪಟೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ಎಲ್ಲರ ತಲೆಯೂ ನಮ್ಮತ್ತ ತಿರುಗಿತು. ಗೊರಕೆಯ ಒಡೆಯ ನಾಗರಾಜ. ತೆಂಗಿನಕಾಯಿ ಸುಲಿಯುವ ಕೆಲಸದವನು, ನಲವತ್ತರ ಗಟ್ಟಿ ಆಳು, ದೀಕ್ಷಾಸ್ನಾನವಾಗಿ ಎರಡೇ ತಿಂಗಳು. ಹೊಸ ವಿಶ್ವಾಸಿ, ಕೈಹಿಡಿದು ನಡೆಸಿ ಎಂದು ಪಾಸ್ಟರ್ ಅವನನ್ನು ಸಭೆಯ ಹಿರಿಯನಾದ ನನಗೆ ಒಪ್ಪಿಸಿದ್ದರು. ನಾನೋ, "ನಾನು ಮಾಡ್ದಂಗೆ ಮಾಡು, ಸಾಕು" ಎಂದು ಹೇಳಿ ಕೈತೊಳೆದುಕೊಂಡಿದ್ದೆ.

ಮೊಣಕೈಯಿಂದ ತಿವಿದೆ. "ಲೇ ನಾಗರಾಜ, ದೇವರ ವಾಕ್ಯ ಕಣ್ಲಾ, ಏಳು!"

ಅವನು ಗಾಬರಿಯಿಂದ ಕಣ್ಣುಬಿಟ್ಟು, ಇಡೀ ಸಭೆಗೆ ಕೇಳಿಸುವಂತೆ ಹೇಳಿದ: "ಯಾಕಣ್ಣ, ಮುಗೀತಾ? ಪ್ರಸಂಗ ಶುರುವಾದ್ರೆ ಕಣ್ಮುಚ್ಚಿ ತಲೆ ತೂಗ್ಬೇಕು ಅಂತ ನಿಮ್ಮನ್ನ ನೋಡೇ ಕಲ್ತಿದ್ದು. ಕಾಯಿ ಸುಲಿಯಾದೂ ಹಂಗೇ ಕಲ್ತಿದ್ದು ಕಣಣ್ಣ, ಪಕ್ಕದೋರ ಕೈ ನೋಡ್ಕಂಡು."

ಅವನ ಮುಖದಲ್ಲಿ ಕುಚೋದ್ಯದ ಸುಳಿವೂ ಇರಲಿಲ್ಲ. ಪಾಪ, ಎರಡು ತಿಂಗಳೂ ಅವನು ಭಕ್ತಿಯಿಂದಲೇ ನಿದ್ದೆ ಮಾಡಿದ್ದ. ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ.

ಈಗ ಪ್ರತಿ ಭಾನುವಾರ ನೆಟ್ಟಗೆ ಕೂರುತ್ತೇನೆ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಪ್ರಸಂಗವನ್ನು ಆಮೆನ್‌ವರೆಗೂ ಕೇಳಿದೆ, ಉದ್ದವಾಗಿಯೇ ಇದೆ. ನಾಗರಾಜ ಪಾಸ್ಟರ್ ಕಡೆ ನೋಡುವುದಿಲ್ಲ, ನನ್ನನ್ನೇ ನೋಡುತ್ತಾನೆ. ಆಕಳಿಸಲೂ ಧೈರ್ಯವಿಲ್ಲ.