ಹೆಸರಿಗಂಟಿದ ಮಸಿ ತೊಳೆದ ಸಿದ್ದಲಿಂಗಮ್ಮ

ಊರಿನ್ನೂ ಹಲ್ಲುಜ್ಜುತ್ತಿರುವ ಹೊತ್ತಿಗೇ ನಂಜನಗೂಡಿನ ಠಾಣೆಯೊಂದರ ಹಿಂದಿನ ಕೋಣೆಯಲ್ಲಿ ಕೀಬೋರ್ಡ್ ಟಕಟಕ ಎನ್ನುತ್ತದೆ. ಕರೆಂಟು ಕೈಕೊಡುವ ಮುಂಚೆ ಕೆಲಸ ಮುಗಿಯಬೇಕು ಎಂಬುದು ಹೆಡತಲೆ ಗ್ರಾಮದ ಸಿದ್ದಲಿಂಗಮ್ಮನವರ ಹಟ. ಖಾಕಿ ಸೀರೆಯ ಈ ಹೆಡ್ ಕಾನ್‌ಸ್ಟೆಬಲ್ ಕಳ್ಳರನ್ನು ಬೆನ್ನಟ್ಟಿದವರಲ್ಲ, ಪತ್ರಿಕೆಯಲ್ಲಿ ಫೋಟೊ ಬಂದವರೂ ಅಲ್ಲ. ಹಳೆಯ ರೌಡಿಶೀಟುಗಳನ್ನು ಕಂಪ್ಯೂಟರಿಗೆ ಏರಿಸುವುದು, ಅಕ್ಕಪಕ್ಕದ ಠಾಣೆಗಳಿಗೆ ಫ್ಲಾಪಿಯಲ್ಲಿ ಕಳಿಸುವುದು ಇವರ ಕೆಲಸ. "ಏರ್ಸೋರು ಬೇಕಾದಷ್ಟು ಜನ ಅವ್ರೆ ಸಾ. ಇಳ್ಸೋರೇ ಇಲ್ಲ," ಎಂದು ನಗುತ್ತಾರೆ.

ಹೋದ ವರ್ಷ, 2003ರಲ್ಲಿ, ದೇವನೂರಿನ ರಾಚಯ್ಯನಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿತು. ಪೊಲೀಸ್ ತಪಾಸಣೆಗೆ ಹೆಸರು ಬಂದದ್ದೇ ತಡ, ಪರದೆಯ ಮೇಲೆ 'ರೌಡಿ' ಎಂದು ಮೂಡಬೇಕೆ! ಹುಡುಗ ಯಾರ ಮೇಲೂ ಕೈ ಎತ್ತಿದವನಲ್ಲ. ಆದದ್ದಿಷ್ಟೆ: ಇವರ ಮನೆಯಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರನ್ನೇ ಇಡುವುದು ರೂಢಿ. ತಾತನೂ ರಾಚಯ್ಯ ಬಿನ್ ದೇವಯ್ಯ, ಮೊಮ್ಮಗನೂ ರಾಚಯ್ಯ ಬಿನ್ ದೇವಯ್ಯ. ಎಂದೋ ನಾಲೆ ನೀರಿನ ಜಗಳದಲ್ಲಿ ತಾತನ ಮೇಲೆ ತೆರೆದ ರೌಡಿಶೀಟನ್ನು ಅವರು ಮಣ್ಣು ಸೇರಿದ ಮೇಲೂ ಯಾರೂ ಮುಚ್ಚಿರಲಿಲ್ಲ. ವಯಸ್ಸು ಬರೆಯುವ ಜಾಗ ಖಾಲಿ ಇತ್ತು.

ಸುಮ್ಮನೆ ಹೆಸರು ಬದಲಾಯಿಸಿ ಅಫಿಡವಿಟ್ ಮಾಡಿಸಿ ಎಂದರು ಬಲ್ಲವರು. ಹುಡುಗನ ಅಪ್ಪ ದೇವಯ್ಯ ಠಾಣೆಯಲ್ಲೇ ಸಿಡಿದೆದ್ದರು: "ನಮ್ಮಪ್ಪನ್ ಎಸ್ರು ಬುಡಾಕಿಲ್ಲ ಕಣವ್ವ. ಕೆಲ್ಸ ಓದ್ರೆ ಓಗ್ಲಿ!"

ಆ ಮಾತು ಸಿದ್ದಲಿಂಗಮ್ಮನವರ ಕರುಳಿಗೆ ನಾಟಿತು. ತಾತನ ಮರಣ ಪ್ರಮಾಣಪತ್ರ ತರಿಸಿದರು, ಸಾಹೇಬರ ಮುಂದೆ ಟಿಪ್ಪಣಿ ಇಟ್ಟರು, ಶೀಟು ಮುಚ್ಚುವ ಆದೇಶ ಬರುವ ತನಕ ಬಿಡಲಿಲ್ಲ. ಕೈಯಾರೆ ಅಳಿಸಿದರು. ಆದರೆ ಫ್ಲಾಪಿ ಟಿ. ನರಸೀಪುರದ ಕಡೆಯ ಠಾಣೆಗೂ ಹೋಗಿತ್ತಲ್ಲ! ರಜೆ ಹಾಕಿ ಬಸ್ ಹತ್ತಿದರು. "ಇಲ್ಲಿ ಅಳ್ಸಿ ಅಲ್ಲಿ ಬುಟ್ರೆ ಮತ್ತೆ ಚಿಗುರ್ತದೆ ಸಾ, ಗರಿಕೆ ಇದ್ದಂಗೆ." ನಾಳೆ ಬನ್ನಿ ಎಂದರೂ ಜಗ್ಗದೆ, ಅಲ್ಲಿನ ಪರದೆಯಿಂದಲೂ ಹೆಸರು ಮಾಯವಾದ ಮೇಲೇ ಕುರ್ಚಿ ಬಿಟ್ಟು ಎದ್ದರು. ರಾಚಯ್ಯನಿಗೆ ಕೆಲಸದ ಆದೇಶ ಬಂತು. ಗೆದ್ದರು ಕಣ್ರೀ ಸಿದ್ದಲಿಂಗಮ್ಮ!

ಈಗ ಬೆಳಗಿನ ಪಾಳಿ ಮುಗಿಸಿ ಅವರು ಹೊರಗೆ ಬರುತ್ತಾರೆ. ದೇವನೂರಿನ ಬಸ್ಸು ಎದುರಿಗೇ ನಿಲ್ಲುತ್ತದೆ. ಬಾಗಿಲಲ್ಲಿ ರಾಚಯ್ಯ, "ಬನ್ನಿ ಅಕ್ಕ, ಜಾಗ ಇಟ್ಟಿವ್ನಿ," ಎಂದು ಕೂಗುತ್ತಾನೆ. ಇಷ್ಟೆಲ್ಲ ಮಾಡಿದ್ದಕ್ಕೆ ಬಡ್ತಿ, ಪದಕ ಏನಾದರೂ ಬೇಡವೇ ಎಂದು ಕೇಳಿದರೆ, ಸಿದ್ದಲಿಂಗಮ್ಮ ಅವನ ಜೇಬಿನ ಮೇಲಿನ ಹೆಸರಿನ ಪಟ್ಟಿಯತ್ತ ಬೆರಳು ತೋರುತ್ತಾರೆ.

"ಕಂಪ್ಯೂಟ್ರಲ್ಲಿ ನಾನ್ ಅಳ್ಸಿದ್ ಹೆಸ್ರು, ಅಗೋ, ಎದೆ ಮೇಲೆ ಮಿರುಗ್ತಾ ಕೂತದೆ. ಇನ್ನೇನ್ ಬೇಕು ಸಾ?"