ತೋಳಿನಕ್ಕನ ಕೊನೆಯ ಮಾತು

ನನ್ನ ದೊಡ್ಡಮ್ಮನನ್ನು ಬೀದಿಯವರೆಲ್ಲ ತೋಳಿನಕ್ಕ ಎಂದೇ ಕರೆಯುತ್ತಾರೆ. ಬಟ್ಟೆ ಹೊಲಿಯುವವರಿಗೆ ತೋಳು ಕೂರಿಸುವುದೇ ಕಷ್ಟದ ಕೆಲಸ. ಬೇರೆ ಕಡೆ ಹೊಲಿಸಿ, ಕಂಕುಳಲ್ಲಿ ಎಳೆಯುತ್ತದೆ ಎಂದು ಮುಖ ಹುಳ್ಳಗೆ ಮಾಡಿಕೊಂಡವರು ಕೊನೆಗೆ ಇವಳ ಬಾಗಿಲಿಗೇ ಬರುತ್ತಾರೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೊಂದು ಬೆಂಚು, ಕಾಲಿಟ್ಟಲ್ಲೆಲ್ಲ ದಾರದ ಚೂರು.

ಅವಳಿಗೊಂದು ಅಭ್ಯಾಸ. ಮುಖ್ಯವಾದ ಮಾತನ್ನು ಕಟ್ಟಕಡೆಗೆ, ಬಟ್ಟೆ ಮಡಚಿ ಕೈಗಿಡುವಾಗಲೇ ಹೇಳುವುದು. ಮೊದಲೇ ಹೇಳಿದರೆ ಜನ ಬಣ್ಣ, ಗುಂಡಿ ಎಂದು ಮಾತಾಡುತ್ತ ಮರೆತುಬಿಡುತ್ತಾರಂತೆ. ಬಾಗಿಲು ದಾಟುವಾಗ ಕಿವಿಗೆ ಬಿದ್ದದ್ದು ಮನೆತನಕ ಹೋಗುತ್ತದೆ ಎನ್ನುವುದು ಅವಳ ಲೆಕ್ಕ.

ನನ್ನ ಅಮ್ಮನಿಗೆ ಎದೆಯ ಗಡ್ಡೆಯ ಆಪರೇಷನ್ ಆದಮೇಲೆ ಒಂದು ಕೈ ಊದಿಕೊಳ್ಳತೊಡಗಿತು. ಬೆಳಿಗ್ಗೆ ಸರಿಯಾಗಿದ್ದ ತೋಳು ಸಂಜೆಗೆ ಬಿಗಿಯುತ್ತಿತ್ತು. ದೊಡ್ಡ ಅಳತೆಯ ಅಂಗಿ ಹಾಕಿದರೆ ಇನ್ನೊಂದು ಭುಜ ಜಾರುತ್ತಿತ್ತು. ಅಮ್ಮ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು. ದೊಡ್ಡಮ್ಮ ತಂಗಿಯ ಹಳೆಯ ಅಂಗಿಗಳನ್ನು ಬಿಚ್ಚಿ, ಕತ್ತರಿಸಿ, ಎಷ್ಟನ್ನೋ ಹಾಳುಮಾಡಿ, ಕೊನೆಗೊಂದು ದಾರಿ ಕಂಡುಕೊಂಡಳು. ತೋಳಿನ ಅಡಿಹೊಲಿಗೆ ಬಿಚ್ಚಿ, ಅಲ್ಲಿ ಮೆತ್ತನೆಯ ಬಟ್ಟೆಯ ಪಟ್ಟಿ ಸೇರಿಸಿ, ಅದನ್ನು ಮಡಿಕೆ ಮಾಡಿ ಲಾಡಿಯಿಂದ ಕಟ್ಟುವುದು. ಕೈ ಊದಿದಾಗ ಲಾಡಿ ಸಡಿಲಿಸಿದರಾಯಿತು; ನೋಡಿದವರಿಗೆ ಎರಡು ತೋಳೂ ಒಂದೇ. ಆಸ್ಪತ್ರೆಯ ನರ್ಸಮ್ಮ ಅದನ್ನು ಮೆಚ್ಚಿ, ಅಂಥದೇ ತೊಂದರೆ ಇದ್ದವರನ್ನು ಕಳಿಸತೊಡಗಿದರು. ‘ನರ್ಸಮ್ಮ ಕಳಿಸಿದ್ರು’ ಎಂದು ಯಾರಾದರೂ ಬೆಂಚಿನ ಮೇಲೆ ಕೂತರೆ ದೊಡ್ಡಮ್ಮ ಉಳಿದ ಬಟ್ಟೆಯನ್ನೆಲ್ಲ ಬದಿಗಿಡುತ್ತಿದ್ದಳು. ಆ ಒಂದು ಮಾತು ಕೇಳಿದ ದಿನ ಅಕ್ಕನಿಗೆ ಊಟವೇ ಬೇಡ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ದೂರದವರಿಗೂ ಉಪಯೋಗವಾಗಲಿ ಎಂದು ದೊಡ್ಡಮ್ಮನ ಮಗಳು ವಿಡಿಯೋ ಮಾಡಿ ಹಾಕಿದಳು. ಮುಖವಿಲ್ಲ, ಬರೀ ಕೈ. ಕೊನೆಯಲ್ಲಿ, ಅಭ್ಯಾಸದಂತೆ ಅಂಗಿ ಮಡಚುತ್ತ, ದೊಡ್ಡಮ್ಮ ತನ್ನ ಹೆಸರು, ಅಂಗಡಿಯ ಹೆಸರು ಹೇಳಿದಳು. ಆಮೇಲೆ, “ಲಾಡಿ ಬದ್ಲು ಎಲಾಸ್ಟಿಕ್ ಮಾತ್ರ ಹಾಕ್ಬೇಡಿ ಕಣ್ರಮ್ಮಾ. ಊದಿರೋ ಕೈನ ಹಿಡ್ಕೊಂಡ್ಬಿಡುತ್ತೆ. ಅನುಮಾನ ಇದ್ರೆ ನನ್ನನ್ನೇ ಕೇಳಿ” ಎಂದಳು. ನೋಡಿದವರು ನೆಂಟರಿಷ್ಟರು, ಅಷ್ಟೇ.

ಕೆಲವು ವಾರಗಳ ನಂತರ ಪಕ್ಕದ ಇಸ್ತ್ರಿಯವನು ಫೋನು ಹಿಡಿದುಕೊಂಡು ಬಂದ. ಹೊಲಿಗೆ ಕಲಿಸುವ ದೊಡ್ಡ ಪೇಜೊಂದರಲ್ಲಿ ಅದೇ ವಿಡಿಯೋ. ದೊಡ್ಡಮ್ಮನ ಹೆಬ್ಬೆರಳಿನ ಸುಟ್ಟ ಕಲೆಯೂ ಹಾಗೇ ಇದೆ. ಮಾತಿನ ಜಾಗದಲ್ಲಿ ಸಂಗೀತ, ಅಂಗಿ ಮಡಚುವ ಭಾಗಕ್ಕೆ ಕತ್ತರಿ. ಮೇಲೆ ‘ನಮ್ಮ ಹೊಸ ಐಡಿಯಾ’ ಎಂದು ಬರೆದಿತ್ತು.

“ಏನಕ್ಕ, ಕೈ ಬಾಡಿಗೆಗೆ ಕೊಟ್ಟಿದೀಯಾ?” ಎಂದ ಇಸ್ತ್ರಿಯವನು.

“ಕೊಟ್ಟಿದ್ರೆ ಬಾಡಿಗೆ ಬರ್ತಿತ್ತಲ್ಲೋ,” ಎಂದು ದೊಡ್ಡಮ್ಮ ನಕ್ಕಳು. ವಿಡಿಯೋ ಮುಗಿಯುತ್ತಲೇ ನಗು ನಿಂತಿತು. “ಎಲಾಸ್ಟಿಕ್ ಮಾತೇ ಇಲ್ವಲ್ಲೇ,” ಎಂದು ಮಗಳ ಕಡೆ ತಿರುಗಿದಳು.

ದೊಡ್ಡಮ್ಮನ ಹೆಸರು, ಕೊನೆಯ ಮಾತು ಎರಡನ್ನೂ ಹಾಕಿ ಎಂದು ಮಗಳು ಪೇಜಿನವಳಿಗೆ ಬರೆದಳು. ಹೆಸರು, ಮಾತು ಎಲ್ಲ ಹಾಕಿದರೆ ಉದ್ದವಾಗುತ್ತದೆ, ಜನ ನೋಡುವುದಿಲ್ಲ, ನಿಮ್ಮ ಕೆಲಸ ಇಷ್ಟು ಜನರಿಗೆ ತಲುಪಿತಲ್ಲ, ಖುಷಿಪಡಿ ಎಂದು ಉತ್ತರ ಬಂತು. ಹೆಸರಿನ ಮನೆ ಹಾಳಾಗಲಿ, ಆ ಒಂದು ಮಾತನ್ನಾದರೂ ಹಾಕಿ ಎಂದು ದೊಡ್ಡಮ್ಮ ಮತ್ತೆ ಬರೆಸಿದಳು. ಅದಕ್ಕೆ ಕೈಮುಗಿದ ಚಿತ್ರ ಬಂತು. ವಿಡಿಯೋದ ಕೆಳಗೆ ಯಾರೋ, ಲಾಡಿಯ ಬದಲು ಎಲಾಸ್ಟಿಕ್ ಆಗುತ್ತದೆಯೇ ಎಂದು ಕೇಳಿದ್ದರು. ಪೇಜಿನವಳು ‘ಖಂಡಿತ’ ಎಂದಿದ್ದಳು. ಬೇಡ ಎಂದು ಮಗಳು ಬರೆದದ್ದು ಸಂಜೆಯೊಳಗೆ ಮಾಯವಾಗಿತ್ತು.

ಎಲಾಸ್ಟಿಕ್ ಹಾಕಿ ಹೊಲಿದುಕೊಂಡ ಒಬ್ಬ ಹೆಂಗಸಿನ ಕೈ ಬಾತು, ಕೆಂಪಾಗಿ, ಆಸ್ಪತ್ರೆ ಸೇರಬೇಕಾಯಿತು. ಅವಳ ತಮ್ಮ ಫೋಟೋ ಸಮೇತ ಪೇಜಿನಲ್ಲಿ ಬಾಯಿಗೆ ಬಂದಂತೆ ಬೈದ. ಮಾರನೆಯ ದಿನ ಅಲ್ಲಿ ಹೊಸ ಬರಹ ಕಾಣಿಸಿತು: ಈ ವಿಧಾನ ನಮ್ಮದಲ್ಲ, ಇದರ ಪೂರ್ತಿ ಶ್ರೇಯ ಇವರಿಗೆ ಸಲ್ಲಬೇಕು. ಕೆಳಗೆ ದೊಡ್ಡಮ್ಮನ ಹೆಸರು, ಅಂಗಡಿಯ ಹೆಸರು, ಫೋನ್ ನಂಬರು. ಒಂದಕ್ಷರ ತಪ್ಪಿರಲಿಲ್ಲ.

ಫೋನು ಹೊಡೆದುಕೊಳ್ಳತೊಡಗಿತು. ಗುರುತು ಪರಿಚಯ ಇಲ್ಲದವರು ಏಕವಚನದಲ್ಲೇ ಶುರುಮಾಡುತ್ತಿದ್ದರು. ದೊಡ್ಡಮ್ಮ ಅಷ್ಟಕ್ಕೆಲ್ಲ ಕುಗ್ಗಲಿಲ್ಲ. ನರ್ಸಮ್ಮನಿಗೆ ನಿಜ ಗೊತ್ತಿದ್ದರೆ ಸಾಕು ಎನ್ನುತ್ತಿದ್ದಳು. ನರ್ಸಮ್ಮ ಬಂದರು. ಮಗಳ ಫೋನಿನಲ್ಲಿ ವಿಡಿಯೋ ಪೂರ್ತಿ ನೋಡಿದರು, ಕೊನೆಯ ಮಾತನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು.

“ನಿಮ್ಮ ತಪ್ಪಿಲ್ಲ, ನಂಗೊತ್ತು,” ಎಂದರು. “ಆದ್ರೆ ಡಾಕ್ಟರು ನೋಡಿರೋದು ಆ ಪೇಜನ್ನ. ಅಲ್ಲಿರೋದು ನಿಮ್ಮೊಬ್ಬರದೇ ಹೆಸರು. ಇನ್ಮೇಲೆ ಯಾರನ್ನೂ ಇಲ್ಲಿಗೆ ಕಳಿಸ್ಬೇಡಿ ಅಂದಿದ್ದಾರೆ.”

ದೊಡ್ಡಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು. “ಹೆಸರು ಹಾಕಿ ಅಂತ ಕೇಳಿದ್ದು ನಾವೇ ಅಲ್ವಾ ನರ್ಸಮ್ಮ. ಹಾಕಿದ್ದಾರೆ.”

ಆಮೇಲೆ ಅವಳು ಆ ಹೆಂಗಸಿನ ತಮ್ಮನಿಂದ ಅಳತೆ, ವಿಳಾಸ ತರಿಸಿಕೊಡು ಎಂದು ಮಗಳನ್ನು ಗೋಗರೆದಳು. ಅವನು ವಿಳಾಸ ಕೊಟ್ಟ, ಅಳತೆ ಕೊಡಲಿಲ್ಲ. ಫೋಟೋ ನೋಡಿ ಅಂದಾಜಿನ ಮೇಲೆ ಒಂದು ಅಂಗಿ ಹೊಲಿದು, ಎಲಾಸ್ಟಿಕ್ ಮಾತನ್ನು ಚೀಟಿಯಲ್ಲಿ ಬರೆಸಿ, ಮಡಿಕೆಯ ಮೇಲಿಟ್ಟು ಕಳಿಸಿದಳು. ಆ ಗಂಟು ಬಿಚ್ಚದೆಯೇ ವಾಪಸ್ಸು ಬಂತು.

ಈಗ ಅದು ಬೆಂಚಿನ ಮೇಲಿದೆ. ಕೂರುವವರು ಇಲ್ಲದ ಕಾರಣ ಯಾರೂ ಅದನ್ನು ತೆಗೆದಿಟ್ಟಿಲ್ಲ.