ಅಲ್ ಮೀನಾದಲ್ಲಿ ಸಿಕ್ಕ ಕ್ಯಾಡೋ ಮಡಕೆ

ಅಬುಧಾಬಿಯ ಅಲ್ ಮೀನಾ ಬಂದರಿನ ಕಾರ್ಪೆಟ್ ಮಾರ್ಕೆಟ್ಟಿಗೆ ರೂತ್ ಜೊತೆ ಬಂದಿದ್ದೆ. ದುಬೈನ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸ್, ನಾನು ಆಯಾ. ಅವಳು ಅಮೆರಿಕದ ಕ್ಯಾಡೋ ಬುಡಕಟ್ಟಿನವಳು. ಕಾರ್ಪೆಟ್ ಜೊತೆ ಹಳೇ ಸಾಮಾನೂ ಮಾರುವ ಒಂದು ಅಂಗಡಿಯಲ್ಲಿ ಗೆರೆ ಕೊರೆದ ಕಪ್ಪು ಮಡಕೆ ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಇದು ನಮ್ಮವರದು. ಗೋರಿಯಿಂದ ಕದ್ದದ್ದು," ಎಂದಳು. ಅವರಲ್ಲಿ ಸತ್ತವರ ದಾರಿಗೆಂದು ಮಡಕೆಯಲ್ಲಿ ಊಟ ಇಡುತ್ತಿದ್ದರಂತೆ. ಗೋರಿಯ ಬಳಿ ಆರು ದಿನ ಬೆಂಕಿ ಆರದಂತೆ ನೋಡಿಕೊಳ್ಳುತ್ತಿದ್ದರಂತೆ.

ನನಗೆ ಮೈ ಉರಿಯಿತು. ಅಂಗಡಿಯವನು ನಮ್ಮ ಮಂಗಳೂರಿನವನೇ. "ಸತ್ತವರ ಊಟದ ಮಡಕೆ ಮಾರ್ತೀಯಲ್ಲ, ನಾಚಿಕೆ ಆಗುದಿಲ್ವಾ ನಿಂಗೆ?" ಎಂದು ಕಿರುಚಿದೆ.

"ನಾನು ಅಗೆದದ್ದಾ ಬಾಯಮ್ಮ? ಹಳೇ ಸಾಮಾನಿನ ಒಟ್ಟಿಗೆ ಬಂತು."

"ನಿನ್ನ ಅಮ್ಮನ ಗೋರಿ ಅಗೆದರೂ ಹೀಗೇ ಹೇಳ್ತೀಯಾ?"

ಜನ ಸೇರಿದರು. ಅವನು ಮಡಕೆಯನ್ನು ಪೇಪರಿನಲ್ಲಿ ಸುತ್ತಿ ರೂತ್‌ಳ ಕೈಗಿಟ್ಟ. "ತಕೊಂಡು ಹೋಗಿ ಮಾರಾಯ್ರೆ, ದುಡ್ಡು ಬೇಡ. ಖಲಾಸ್."

ಹೊರಗೆ ಬಂದ ಮೇಲೆ ರೂತ್ ನನ್ನ ಕೈ ಹಿಡಿದು, "ನಿನ್ನಂಥ ಅಕ್ಕ ಎಲ್ಲರಿಗೂ ಇರಬೇಕು," ಎಂದಳು. ಆ ಮಾತಿಗೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಹೇಳಿಬಿಟ್ಟೆ. ನಾವು ಕ್ಯಾಥೊಲಿಕ್ ಕ್ರಿಶ್ಚಿಯನ್ನರು ಸತ್ತವರ ಬೆರಳಿಗೆ ಜಪಮಾಲೆ ಸುತ್ತಿ ಕಳಿಸುತ್ತೇವೆ. ತಂಗಿ ಲಿಲ್ಲಿಯ ಶವಪೆಟ್ಟಿಗೆ ಮುಚ್ಚುವ ಮುಂಚೆ, ಅಮ್ಮ ಅವಳಿಗೆ ಕೊಟ್ಟಿದ್ದ ಬೆಳ್ಳಿಯ ಜಪಮಾಲೆಯನ್ನು ಮುತ್ತು ಕೊಡುವ ನೆಪದಲ್ಲಿ ಬಿಚ್ಚಿಕೊಂಡವಳು ನಾನು. ದೊಡ್ಡವಳಾದ ನನಗೆ ಅದು ಸಿಗಬೇಕಿತ್ತು ಎಂಬ ಹೊಟ್ಟೆಕಿಚ್ಚು.

ರೂತ್ ನನ್ನ ಕೈ ಬಿಟ್ಟಳು.

"ಹಾಗಾದರೆ ಅವಳು ಬರಿಗೈಯಲ್ಲಿ ಹೋದಳಾ?"

"ಹೌದು," ಎಂದೆ.